ಪಿಕಪ್‌ನ ಕ್ಲಚ್, ಫ್ಲೈವೀಲ್ ಬದಲಿಸುವ ಕ್ರಮ: ಚಡಾವಿನಲ್ಲಿ ದುಡಿಯುವ ಗಾಡಿಗಳಿಗೆ

ಕೊಡಗಿನಲ್ಲಿ ಪಿಕಪ್‌ನ ಕ್ಲಚ್ ಸವೆಯುವುದು ಹೆದ್ದಾರಿಗಿಂತ ಹೆಚ್ಚಾಗಿ ತೋಟದ ಒಳಗೆ. ಕೊಯ್ಲಿನ ಸಮಯದಲ್ಲಿ ಮೂಟೆ ತುಂಬಿದ ಗಾಡಿಯನ್ನು ಕಣದ ತನಕ ರಿವರ್ಸಿನಲ್ಲಿ ಏರಿಸುತ್ತಾರೆ. ತೋಟದ ಆಳುಗಳ ಲೈನ್ ಮನೆ ಹತ್ತಿರದ ಚಡಾವಿನಲ್ಲಿ ಆಳು ಹತ್ತಿಸಿಕೊಳ್ಳುವಾಗ ಹ್ಯಾಂಡ್‌ಬ್ರೇಕ್ ಎಳೆಯದೆ ಹಾಫ್ ಕ್ಲಚ್‌ನಲ್ಲೇ ಗಾಡಿ ಹಿಡಿದುಕೊಂಡಿರುತ್ತಾರೆ. ಆಗ ಹುಟ್ಟುವ ಬಿಸಿಯನ್ನು ಪ್ಲೇಟ್ ಒಂದೇ ತಿನ್ನುವುದಿಲ್ಲ, ಅದರ ಎರಡೂ ಬದಿಯ ಕಬ್ಬಿಣ ಕುಡಿಯುತ್ತದೆ: ಒಂದು ಕಡೆ ಅದನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟ್, ಇನ್ನೊಂದು ಕಡೆ ಇಂಜಿನ್ನಿನ ಜೊತೆ ತಿರುಗುವ ಭಾರದ ಚಕ್ರ, ಅಂದರೆ ಫ್ಲೈವೀಲ್. ಪ್ರೆಷರ್ ಪ್ಲೇಟ್ ಹೇಗೂ ಸೆಟ್‌ನ ಜೊತೆ ಹೊಸದು ಬರುತ್ತದೆ. ಫ್ಲೈವೀಲನ್ನು ಮಾತ್ರ ಬಟ್ಟೆಯಲ್ಲಿ ಒರೆಸಿ ಹಾಗೇ ಬಿಡುತ್ತಾರೆ. ಮುಂದಿನ ಕೊಯ್ಲಿಗೆ ಅದೇ ಗಾಡಿ ಮತ್ತೆ ಶೆಡ್ಡಿಗೆ ಬರಲು ಇದೇ ಮುಖ್ಯ ಕಾರಣ.

ಇಲ್ಲಿ ಹೇಳಿರುವುದು ಇಂಜಿನ್ ಉದ್ದಕ್ಕೆ ಕೂತಿರುವ, ಹಿಂದಿನ ಚಕ್ರಕ್ಕೆ ಎಳೆತ ಕೊಡುವ, ಒಂದೇ ಡ್ರೈ ಪ್ಲೇಟ್ ಮತ್ತು ಹೈಡ್ರಾಲಿಕ್ ಪೆಡಲ್ ಇರುವ ಪಿಕಪ್‌ಗಳಿಗೆ. ಬೊಲೆರೊ ಪಿಕಪ್‌ನ ಜಾತಿಯ ಗಾಡಿಗಳೆಲ್ಲ ಬಹುತೇಕ ಹೀಗೇ. ಫೋರ್ ವೀಲ್ ಆದರೆ ಗೇರ್ ಬಾಕ್ಸಿನ ಹಿಂದೆ ಟ್ರಾನ್ಸ್‌ಫರ್ ಕೇಸ್, ಮುಂದಕ್ಕೆ ಇನ್ನೊಂದು ಶಾಫ್ಟ್ ಇರುತ್ತದೆ. ತೂಕ ಹೆಚ್ಚು, ಬಿಚ್ಚುವ ಕೆಲಸವೂ ಹೆಚ್ಚು.

ಮೊದಲು ರೋಗ ಯಾವುದು ನೋಡಿ

ಕ್ಲಚ್ ಸ್ಲಿಪ್ ಆಗುತ್ತಿದೆಯೇ ಎಂದು ತಿಳಿಯಲು ಚಡಾವು ಬೇಕಾಗಿಲ್ಲ. ಸಮತಟ್ಟಾದ ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ 40 ಕಿ.ಮೀ. ವೇಗದಲ್ಲಿ ಹೋಗುತ್ತಾ ಆಕ್ಸಿಲರೇಟರನ್ನು ಒಮ್ಮೆಲೇ ಪೂರ್ತಿ ಒತ್ತಿ. ಇಂಜಿನ್ ಕೂಗು ಏರಿ, ಗಾಡಿಯ ವೇಗ ಅದರ ಜೊತೆ ಏರದಿದ್ದರೆ ಕ್ಲಚ್ ಹಿಡಿಯುತ್ತಿಲ್ಲ. ಸುಟ್ಟ ವಾಸನೆಯೂ ಬಂದರೆ ಅನುಮಾನವೇ ಬೇಡ.

ಗೇರ್ ಬೀಳುವುದು ಕಷ್ಟ, ರಿವರ್ಸ್ ಹಾಕುವಾಗ ಕರಕರ ಸದ್ದು, ಇದು ಬೇರೆ ರೋಗ. ಇಲ್ಲಿ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಗೇರ್ ಬಾಕ್ಸ್ ಇಳಿಸುವ ಮೊದಲು ಫ್ಲೂಯಿಡ್ ಡಬ್ಬಿಯ ಮಟ್ಟ ನೋಡಿ. ಗೇರ್ ಬಾಕ್ಸಿನ ಬಳಿ ಕ್ಲಚ್ಚನ್ನು ಒತ್ತುವ ಸ್ಲೇವ್ ಸಿಲಿಂಡರಿನ ರಬ್ಬರ್ ಬೂಟ್ ಎತ್ತಿ ಒಳಗೆ ಒದ್ದೆ ಇದೆಯೇ ನೋಡಿ. ಕ್ಯಾಬಿನ್ ಒಳಗೆ ಪೆಡಲ್ ಮೇಲ್ಗಡೆ, ಮಾಸ್ಟರ್ ಸಿಲಿಂಡರಿನ ರಾಡ್ ಸುತ್ತ ಬೆರಳಾಡಿಸಿ. ಸಿಲಿಂಡರಿನ ಒಂದು ಸಣ್ಣ ಕಿಟ್‌ನಿಂದ ಮುಗಿಯುವ ಕೆಲಸಕ್ಕೆ ಗೇರ್ ಬಾಕ್ಸ್ ಇಳಿಸಿದ ಕೂಲಿ ಕೊಡುವುದು ಬೇಡ.

ಮಳೆಗಾಲದಲ್ಲಿ ಇನ್ನೊಂದು ತೊಂದರೆ ಇದೆ. ಕಕ್ಕಡದ (ಆಟಿ ತಿಂಗಳ) ಮಳೆಯಲ್ಲಿ ವಾರಗಟ್ಟಲೆ ನಿಂತ ಗಾಡಿಯ ಫ್ಲೈವೀಲಿಗೆ ತುಕ್ಕು ಹಿಡಿದು ಪ್ಲೇಟ್ ಅದಕ್ಕೆ ಅಂಟಿಕೊಳ್ಳುತ್ತದೆ. ಪೆಡಲ್ ಒತ್ತಿದರೂ ಗೇರ್ ಬೀಳುವುದಿಲ್ಲ. ಇದಕ್ಕೆ ಕ್ಲಚ್ ಬಿಚ್ಚುವ ಮೊದಲು ಒಂದು ಉಪಾಯ ಮಾಡಿ ನೋಡಬಹುದು. ಇಂಜಿನ್ ಚೆನ್ನಾಗಿ ಬಿಸಿ ಮಾಡಿ ಆಫ್ ಮಾಡಿ. ಮುಂದೆ ಯಾರೂ ಇಲ್ಲದ ಬಯಲಿನಲ್ಲಿ ಎರಡನೇ ಗೇರ್ ಹಾಕಿ, ಕ್ಲಚ್ ಒತ್ತಿಕೊಂಡೇ ಸ್ಟಾರ್ಟ್ ಮಾಡಿ. ಗಾಡಿ ಚಲಿಸುವಾಗ ಪೆಡಲ್ ಒತ್ತಿಟ್ಟುಕೊಂಡೇ ಆಕ್ಸಿಲರೇಟರ್ ಕೊಟ್ಟು ಬಿಟ್ಟು ಮಾಡಿ, ಮಧ್ಯೆ ಬ್ರೇಕ್ ತಾಗಿಸಿ. ಅಂಟು ಬಿಟ್ಟರೆ ಒಮ್ಮೆಲೇ ಬಿಡುತ್ತದೆ. ಇಳಿಜಾರಿನಲ್ಲಿ, ಶೆಡ್ಡಿನ ಒಳಗೆ ಇದನ್ನು ಮಾಡಲೇಬೇಡಿ.

ಸದ್ದನ್ನೂ ಬೇರ್ಪಡಿಸಿಕೊಳ್ಳಿ. ಪೆಡಲ್ ಒತ್ತಿದಾಗ ಸದ್ದು ಶುರುವಾದರೆ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್. ನ್ಯೂಟ್ರಲ್‌ನಲ್ಲಿ ಪೆಡಲ್ ಬಿಟ್ಟಾಗ ಇದ್ದು, ಒತ್ತಿದಾಗ ನಿಂತರೆ ಗೇರ್ ಬಾಕ್ಸಿನ ಇನ್‌ಪುಟ್ ಶಾಫ್ಟ್ ಬೇರಿಂಗ್. ಕ್ಲಚ್ ಸೆಟ್ ಹಾಕಿದರೂ ಅದು ಹೋಗುವುದಿಲ್ಲ, ಗೇರ್ ಬಾಕ್ಸ್ ಕೆಳಗಿಳಿದಿರುವಾಗಲೇ ನೋಡಿಸಬೇಕು. ಹೊರಡುವಾಗ ಗಾಡಿ ಗಡಗಡ ನಡುಗಿದರೆ ಎಣ್ಣೆ ತಾಗಿದ ಪ್ಲೇಟ್, ಸುಟ್ಟ ಫ್ಲೈವೀಲ್, ಇಲ್ಲವೇ ಹರಿದ ಇಂಜಿನ್ ಮೌಂಟಿಂಗ್. ಮೌಂಟಿಂಗ್ ರಬ್ಬರ್ ಮೊದಲು ನೋಡಿ, ಅದಕ್ಕೆ ಒಂದು ಟಾರ್ಚ್ ಸಾಕು.

ತರಬೇಕಾದ ಸಾಮಾನು

ಸಾಮಾನನ್ನು ಗಾಡಿ ಬಿಚ್ಚಿದ ಮೇಲೆ ತರಲು ಹೋಗಬೇಡಿ. ಮಡಿಕೇರಿ, ಗೋಣಿಕೊಪ್ಪ, ಕುಶಾಲನಗರದ ಅಂಗಡಿಯಲ್ಲಿ ಇಲ್ಲದಿದ್ದರೆ ಮೈಸೂರಿನಿಂದ ಬರಬೇಕು, ಅಲ್ಲಿಯ ತನಕ ಗಾಡಿ ಜಾಕಿಯ ಮೇಲೆ ನಿಂತಿರುತ್ತದೆ. ಚಾಸಿಸ್ ನಂಬರ್, ಇಂಜಿನ್ ನಂಬರ್ ಕೊಟ್ಟೇ ಕೇಳಿ. ಒಂದೇ ಹೆಸರಿನ ಗಾಡಿಯಲ್ಲೂ ವರ್ಷ, ಇಂಜಿನ್ ಬದಲಾದಂತೆ ಪ್ಲೇಟ್ ಅಳತೆ ಬದಲಾಗುತ್ತದೆ.

ಬೇಕಾದದ್ದು: ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರೂ ಒಂದೇ ಕಂಪನಿಯ ಸೆಟ್; ಪೈಲಟ್ ಬೇರಿಂಗ್ (ಇನ್‌ಪುಟ್ ಶಾಫ್ಟಿನ ತುದಿ ಕೂರುವುದು) 1; ಕ್ರ್ಯಾಂಕ್‌ನ ಹಿಂದಿನ ಆಯಿಲ್ ಸೀಲ್ 1; ಗೇರ್ ಬಾಕ್ಸ್ ಮುಂದಿನ ಸೀಲ್ 1; ಫ್ಲೈವೀಲ್ ಬೋಲ್ಟ್ ಒಂದು ಸೆಟ್; ಸ್ಲೇವ್ ಸಿಲಿಂಡರ್ ಕಿಟ್; ಬ್ರೇಕ್ ಫ್ಲೂಯಿಡ್ 500 ಮಿ.ಲೀ.; ಬ್ರೇಕ್ ಕ್ಲೀನರ್ 2 ಡಬ್ಬಿ; ಥ್ರೆಡ್ ಲಾಕರ್; ಬಿಸಿ ತಡೆಯುವ ಮಾಲಿಬ್ಡಿನಮ್ ಗ್ರೀಸ್ ಒಂದು ಸಣ್ಣ ಟ್ಯೂಬ್; ಕೈಪಿಡಿ ಹೇಳಿದ ಗ್ರೇಡಿನ ಗೇರ್ ಆಯಿಲ್. ಹಳೆಯ ಪ್ಲೇಟಿಗೆ ಲೈನಿಂಗ್ (ಉಜ್ಜುವ ಪದರ) ರಿವಿಟ್ ಹೊಡೆಸಿ ಹಾಕುವವರು ಇನ್ನೂ ಇದ್ದಾರೆ. ಬಯಲುಸೀಮೆಯಲ್ಲಿ ಖಾಲಿ ಓಡುವ ಗಾಡಿಗೆ ನಡೆದೀತು. ಸಂಪಾಜೆ, ಮಾಕುಟ್ಟ ಘಾಟಿ ಹತ್ತುವ ಗಾಡಿಗೆ ಬೇಡ: ಹಬ್‌ನ (ಪ್ಲೇಟಿನ ನಡುಭಾಗ) ಸ್ಪ್ರಿಂಗುಗಳೂ ಒಳಗಿನ ಹಲ್ಲುಗಳೂ ಹಳೆಯವೇ ಉಳಿಯುತ್ತವೆ.

ಉಪಕರಣದಲ್ಲಿ ಮುಖ್ಯವಾದವು ಗೇರ್ ಬಾಕ್ಸ್ ಜಾಕಿ, 4 ಗಟ್ಟಿ ಸ್ಟ್ಯಾಂಡ್, ಉದ್ದದ ಎಕ್ಸ್‌ಟೆನ್ಷನ್ ಇರುವ ಸಾಕೆಟ್ ಸೆಟ್, ಟಾರ್ಕ್ ರೆಂಚ್, ಪ್ಲೇಟನ್ನು ನಡುವಿಗೆ ಕೂರಿಸುವ ಸೆಂಟರಿಂಗ್ ರಾಡ್, ನೇರ ಪಟ್ಟಿ, ಸಂದು ಅಳೆಯುವ ಫೀಲರ್ ಗೇಜ್. ಅಲುಗಾಟ ಅಳೆಯುವ ಡಯಲ್ ಗೇಜ್ ಇದ್ದರೆ ಬಹಳ ಒಳ್ಳೆಯದು. ಇಬ್ಬರು ಬೇಕು. ಲೇತ್ ಕೆಲಸ ಬಿಟ್ಟು ಪೂರ್ತಿ ಒಂದು ದಿನ ಇಟ್ಟುಕೊಳ್ಳಿ.

ಗೇರ್ ಬಾಕ್ಸ್ ಇಳಿಸುವುದು

ಗಾಡಿಯನ್ನು ಸಿಮೆಂಟ್ ನೆಲದ ಮೇಲೆ, ಸಮತಟ್ಟಿನಲ್ಲಿ ನಿಲ್ಲಿಸಿ. ಒದ್ದೆ ಮಣ್ಣಿನಲ್ಲಿ ಸ್ಟ್ಯಾಂಡ್ ಹೂತುಹೋಗುತ್ತದೆ. ಒಂದು ಮಾತು ಗಟ್ಟಿಯಾಗಿ ನೆನಪಿರಲಿ: ಪ್ರೊಪೆಲ್ಲರ್ ಶಾಫ್ಟ್ ಕಳಚಿದ ಕ್ಷಣದಿಂದ ಗೇರಿನಲ್ಲಿ ಹಾಕಿಟ್ಟರೂ ಗಾಡಿ ನಿಲ್ಲುವುದಿಲ್ಲ. ಹಾಗಾಗಿ ಶಾಫ್ಟಿಗೆ ಕೈ ಹಾಕುವ ಮೊದಲೇ ನೆಲದ ಮೇಲಿರುವ ಚಕ್ರಗಳಿಗೆ ಎರಡೂ ಕಡೆ ಗಟ್ಟಿ ಅಡ್ಡೆ ಕೊಡಿ. ಬ್ಯಾಟರಿಯ ಮೈನಸ್ ವೈರ್ ತೆಗೆಯಿರಿ.

ಕ್ಯಾಬಿನ್ನಿನಿಂದ ಗೇರ್ ಲಿವರ್ ತೆಗೆದು, ತೂತಿಗೆ ಬಟ್ಟೆ ತುರುಕಿ. ಪ್ರೊಪೆಲ್ಲರ್ ಶಾಫ್ಟಿನ ಎರಡೂ ಫ್ಲ್ಯಾಂಜ್ ಮೇಲೆ ಪಂಚ್‌ನಿಂದ ಗುರುತು ಹೊಡೆಯಿರಿ, ಪೇಂಟ್ ಒರೆಸಿಹೋಗಬಹುದು. ಗುರುತು ತಪ್ಪಿ ಜೋಡಿಸಿದರೆ ಆಮೇಲೆ ಬರುವ ನಡುಕಕ್ಕೆ ಕ್ಲಚ್ಚನ್ನು ದೂರುತ್ತಾ ಕೂರಬೇಕಾಗುತ್ತದೆ. ಸೆಂಟರ್ ಬೇರಿಂಗ್ ಬೋಲ್ಟ್ ಬಿಚ್ಚಿ ಶಾಫ್ಟ್ ಹೊರಗೆಳೆಯಿರಿ. ಶಾಫ್ಟ್ ಗೇರ್ ಬಾಕ್ಸಿನ ಒಳಗೆ ಜಾರಿ ಕೂರುವ ಜಾತಿಯಾದರೆ ಮೊದಲೇ ಆಯಿಲ್ ಇಳಿಸಿಕೊಳ್ಳಿ.

ರಿವರ್ಸ್ ಸ್ವಿಚ್ಚಿನ ವೈರ್, ಸ್ಪೀಡ್ ಸೆನ್ಸರ್ ವೈರ್ ಬಿಡಿಸಿ. ಸ್ಲೇವ್ ಸಿಲಿಂಡರನ್ನು ಪೈಪ್ ಸಮೇತ ಬಿಚ್ಚಿ ಚಾಸಿಸ್ಸಿಗೆ ಕಟ್ಟಿಡಿ. ಆಮೇಲೆ ಯಾರೂ ಪೆಡಲ್ ಒತ್ತದ ಹಾಗೆ ನೋಡಿಕೊಳ್ಳಿ, ಪಿಸ್ಟನ್ ಹೊರಗೆ ಹಾರಿಬಿಡುತ್ತದೆ. ಸೆಲ್ಫ್ ಮೋಟರ್ ತೆಗೆಯಿರಿ. ಸೈಲೆನ್ಸರ್ ಪೈಪ್ ಅಡ್ಡ ಬಂದರೆ ಅದರ ಬ್ರಾಕೆಟ್ ಕೂಡ.

ಇಂಜಿನ್ನಿನ ಕೆಳಗಿನ ಆಯಿಲ್ ಚೇಂಬರಿನ ಹಿಂಭಾಗಕ್ಕೆ ಮರದ ತುಂಡು ಇಟ್ಟು ಜಾಕಿ ಕೊಡಿ. ಗೇರ್ ಬಾಕ್ಸಿಗೆ ಬೇರೆ ಜಾಕಿ. ಈಗ ಹಿಂದಿನ ಮೌಂಟಿಂಗ್, ಅಡ್ಡ ಪಟ್ಟಿ ಬಿಚ್ಚಿ ಎರಡನ್ನೂ ಸ್ವಲ್ಪವೇ ಕೆಳಗಿಳಿಸಿದರೆ ಬೆಲ್ ಹೌಸಿಂಗಿನ (ಕ್ಲಚ್ಚನ್ನು ಮುಚ್ಚುವ ಗೇರ್ ಬಾಕ್ಸಿನ ಮುಂಭಾಗದ ಕವಚ) ಮೇಲಿನ ಬೋಲ್ಟುಗಳು ಉದ್ದ ಎಕ್ಸ್‌ಟೆನ್ಷನ್ನಿಗೆ ಸಿಗುತ್ತವೆ. ಇಳಿಸುವಾಗ ರೇಡಿಯೇಟರ್ ಹೋಸ್, ಫ್ಯಾನ್ ಕಡೆ ಒಬ್ಬರ ಕಣ್ಣಿರಲಿ. ಬೋಲ್ಟುಗಳ ಉದ್ದ ಬೇರೆ ಬೇರೆ ಇರುತ್ತದೆ. ರಟ್ಟಿನ ಮೇಲೆ ಬೆಲ್ ಹೌಸಿಂಗ್ ಆಕಾರ ಬರೆದು ಆಯಾ ಜಾಗದಲ್ಲಿ ಚುಚ್ಚಿಡಿ.

ಗೇರ್ ಬಾಕ್ಸನ್ನು ನೇರ ಹಿಂದಕ್ಕೇ ಎಳೆಯಬೇಕು. ಇನ್‌ಪುಟ್ ಶಾಫ್ಟ್ ಪ್ಲೇಟಿನಿಂದ ಪೂರ್ತಿ ಹೊರಗೆ ಬರುವ ತನಕ ಒಂದಿಷ್ಟೂ ಕೆಳಗಿಳಿಸಬೇಡಿ. ಅಷ್ಟು ತೂಕ ಶಾಫ್ಟಿನ ತುದಿಯಲ್ಲಿ ನೇತಾಡಿದರೆ ಹಬ್, ಪೈಲಟ್ ಬೇರಿಂಗ್ ಎರಡೂ ಹಾಳು.

ಕ್ಲಚ್ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುವ ಸಾಧ್ಯತೆ ಇದೆ, ಶ್ವಾಸಕೋಶಕ್ಕೆ ಅದು ವಿಷ. ಮೂಗಿಗೆ ಮಾಸ್ಕ್ ಕಟ್ಟಿ, ಬ್ರೇಕ್ ಕ್ಲೀನರ್ ಸಿಂಪಡಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿ. ಪ್ರೆಷರ್ ಪ್ಲೇಟಿನ ಬೋಲ್ಟುಗಳನ್ನು ಎದುರು ಬದುರಾಗಿ ಅರ್ಧರ್ಧ ಸುತ್ತು ಸಡಿಲಿಸುತ್ತಾ ಬನ್ನಿ. ಪ್ಲೇಟ್ ಕೈಗೆ ಬೀಳುತ್ತದೆ.

ಬಿಚ್ಚಿದ್ದು ಏನು ಹೇಳುತ್ತದೆ

ಹೊಸದನ್ನು ಹಾಕುವ ಅವಸರದಲ್ಲಿ ಹಳೆಯದನ್ನು ಗುಜರಿಗೆ ಎಸೆಯಬೇಡಿ. ಲೈನಿಂಗಿನ ಮೇಲ್ಮೈಯಿಂದ ರಿವಿಟ್ ತಲೆಗೆ ಎಷ್ಟು ಆಳ ಉಳಿದಿದೆ ನೋಡಿ. ಅದು 0.3 ಮಿ.ಮೀ.ಗೆ ಬಂದಿದ್ದರೆ ಪ್ಲೇಟಿನ ಆಯುಸ್ಸು ಮುಗಿದಿದೆ. ಲೈನಿಂಗ್ ದಪ್ಪ ಇನ್ನೂ ಇದ್ದು, ಮೇಲ್ಮೈ ಗಾಜಿನಂತೆ ಹೊಳೆಯುತ್ತಿದ್ದರೆ ಅದು ಸವೆದದ್ದಲ್ಲ, ಸುಟ್ಟದ್ದು. ಒಂದು ಅಂಚಿನಲ್ಲಿ ಕಪ್ಪು ಜಿಡ್ಡು ಇದ್ದರೆ ಎಣ್ಣೆ ಎಲ್ಲಿಂದ ಬಂತೆಂದು ಹುಡುಕಲೇಬೇಕು.

ಮೂಗು ಇಲ್ಲಿ ಒಳ್ಳೆಯ ಉಪಕರಣ. ಕಪ್ಪಗೆ, ತೆಳ್ಳಗೆ ಇದ್ದರೆ ಡೀಸೆಲ್ ಇಂಜಿನ್ ಆಯಿಲ್, ಕ್ರ್ಯಾಂಕ್‌ನ ಹಿಂದಿನ ಸೀಲಿನದ್ದು. ಗಂಧಕದ ಘಾಟು ಇದ್ದು ದಪ್ಪ ಇದ್ದರೆ ಗೇರ್ ಆಯಿಲ್. ಫ್ಲೈವೀಲಿನ ಇಂಜಿನ್ ಕಡೆಯ ಬೆನ್ನು ಒದ್ದೆ ಇದ್ದರೆ ಮೊದಲನೆಯದು, ರಿಲೀಸ್ ಬೇರಿಂಗ್ ಜಾರುವ ಕೊಳವೆಯ ಸುತ್ತ ಒದ್ದೆ ಇದ್ದರೆ ಎರಡನೆಯದು. ಎರಡೂ ಒಣಗಿದ್ದರೂ ನಮ್ಮ ಸಲಹೆ ಸೀಲ್ ಎರಡನ್ನೂ ಬದಲಿಸಿ ಎಂದೇ. ಸೀಲಿನ ಬೆಲೆ ಸಣ್ಣದು, ಅದಕ್ಕಾಗಿ ಮತ್ತೊಮ್ಮೆ ಗೇರ್ ಬಾಕ್ಸ್ ಇಳಿಸುವ ಕೂಲಿ ದೊಡ್ಡದು.

ಫ್ಲೈವೀಲ್: ಉಳಿಸುವುದೋ, ಬದಲಿಸುವುದೋ

ಮುಖವನ್ನು ಕ್ಲೀನರ್‌ನಲ್ಲಿ ತೊಳೆದು ಹಗಲು ಬೆಳಕಿಗೆ ಹಿಡಿಯಿರಿ. ನೀಲಿ, ನೇರಳೆ ಬಣ್ಣದ ಮಚ್ಚೆಗಳು ಕಂಡರೆ ಅಲ್ಲಿ ಕಬ್ಬಿಣ ಕಾದು ಗಟ್ಟಿಯಾಗಿದೆ. ಆ ಜಾಗ ಉಳಿದ ಮುಖಕ್ಕಿಂತ ಎದ್ದು ನಿಲ್ಲುತ್ತದೆ, ಹೊಸ ಪ್ಲೇಟ್ ಅಲ್ಲಿ ಹಿಡಿದು ಬಿಟ್ಟು ಮಾಡುವುದರಿಂದ ಗಾಡಿ ನಡುಗುತ್ತದೆ. ಕೂದಲೆಳೆಯಂಥ ಬಿರುಕುಗಳ ಮೇಲೆ ಉಗುರು ಎಳೆಯಿರಿ. ಉಗುರಿಗೆ ಸಿಗದಷ್ಟು ಮೇಲುಮೇಲಿನ ಗೀರಾದರೆ ಲೇತ್‌ನಲ್ಲಿ ಹೋಗುತ್ತದೆ. ಉಗುರು ಸಿಕ್ಕಿಬಿದ್ದರೆ, ಅಥವಾ ಬಿರುಕು ಬೋಲ್ಟ್ ತೂತಿನ ಕಡೆಗೆ ಓಡಿದ್ದರೆ, ಆ ಫ್ಲೈವೀಲನ್ನು ಮತ್ತೆ ಗಾಡಿಗೆ ಹಾಕಬೇಡಿ. ತಿರುಗುವಾಗ ಒಡೆದರೆ ಬೆಲ್ ಹೌಸಿಂಗ್ ಸೀಳಿಕೊಂಡು ಕ್ಯಾಬಿನ್ನಿಗೆ ಬರುತ್ತದೆ.

ನೇರ ಪಟ್ಟಿಯನ್ನು ಮುಖದ ಮೇಲೆ ಅಡ್ಡ, ಉದ್ದ, ಓರೆಯಾಗಿ ಇಟ್ಟು ಕೆಳಗೆ ಫೀಲರ್ ಗೇಜ್ ತೂರಿಸಿ. 0.1 ಮಿ.ಮೀ.ನ ಎಲೆ ಸಲೀಸಾಗಿ ಹೋದರೆ ಫೇಸಿಂಗ್ ಹೊಡೆಸಬೇಕು, ಅಂದರೆ ಲೇತ್‌ನಲ್ಲಿ ಮುಖ ಸಮ ಮಾಡಿಸಬೇಕು. ಡಯಲ್ ಗೇಜ್ ಇದ್ದರೆ ಫ್ಲೈವೀಲ್ ಬಿಚ್ಚುವ ಮೊದಲೇ ಕ್ರ್ಯಾಂಕ್ ಒಂದು ಸುತ್ತು ತಿರುಗಿಸಿ ಅಲುಗಾಟ ಅಳೆದು ಬರೆದಿಟ್ಟುಕೊಳ್ಳಿ.

ಲೇತ್‌ಗೆ ಕೊಡುವಾಗ ಬರೀ ‘ಫೇಸಿಂಗ್ ಹೊಡಿ’ ಎಂದರೆ ಸಾಲದು, ಮೂರು ಮಾತು ಹೇಳಬೇಕು. ಒಂದು, ಮಚ್ಚೆ ಹೋಗುವಷ್ಟು ಮಾತ್ರ ತೆಗೆಯಿರಿ, ಕೈಪಿಡಿಯ ಮಿತಿ ದಾಟಬೇಡಿ. ಎರಡು, ಪ್ರೆಷರ್ ಪ್ಲೇಟನ್ನು ಜಾಗಕ್ಕೆ ಕೂರಿಸುವ ಡೋವೆಲ್ ಪಿನ್ ತೆಗೆದು ಆಮೇಲೆ ಮತ್ತೆ ಕೂರಿಸಿ. ಮೂರು, ಪ್ರೆಷರ್ ಪ್ಲೇಟ್ ಕೂರುವ ಅಂಚು ಮತ್ತು ಪ್ಲೇಟ್ ಉಜ್ಜುವ ಮುಖ ಬೇರೆ ಬೇರೆ ಎತ್ತರದಲ್ಲಿದ್ದರೆ ಎರಡರಿಂದಲೂ ಒಂದೇ ಅಳತೆ ತೆಗೆಯಿರಿ. ಉಜ್ಜುವ ಮುಖ ಮಾತ್ರ ತಗ್ಗಿದರೆ ಪ್ರೆಷರ್ ಪ್ಲೇಟಿನ ಡಯಾಫ್ರಮ್ ಸ್ಪ್ರಿಂಗ್ ಪೂರ್ತಿ ಬಿಗಿಯಾಗದೆ ಹಿಡಿತ ಕಡಿಮೆಯಾಗುತ್ತದೆ, ಹೊಸ ಸೆಟ್ ಮೊದಲ ಚಡಾವಿನಲ್ಲೇ ಸ್ಲಿಪ್ ಆಗುತ್ತದೆ. ಎರಡನ್ನೂ ಅತಿಯಾಗಿ ತೆಗೆದರೆ ಇಡೀ ಕ್ಲಚ್ ಇಂಜಿನ್ ಕಡೆಗೆ ಸರಿದು ರಿಲೀಸ್ ಬೇರಿಂಗಿನ ಓಟ ಸಾಲದೆ ಗೇರ್ ಬೀಳುವುದಿಲ್ಲ. ಪ್ಲೇಟಿನ ಹಬ್ ಫ್ಲೈವೀಲ್ ಬೋಲ್ಟಿನ ತಲೆಗೆ ತಾಗುವುದೂ ಉಂಟು. ಹಿಂದೊಮ್ಮೆ ಫೇಸಿಂಗ್ ಆಗಿರುವ ಫ್ಲೈವೀಲಿನಲ್ಲಿ ಈ ಭಯ ಹೆಚ್ಚು. ಅಳತೆ ತೆಗೆದು ಅನುಮಾನ ಬಂದರೆ ಹೊಸದೇ ಹಾಕಿ.

ಕೆಲವು ಹೊಸ ಪಿಕಪ್‌ಗಳಲ್ಲಿ ಎರಡು ತುಂಡಿನ, ಒಳಗೆ ಸ್ಪ್ರಿಂಗ್ ಇರುವ ಡ್ಯುಯಲ್ ಮಾಸ್ ಫ್ಲೈವೀಲ್ ಇರುತ್ತದೆ. ಅದನ್ನು ಸಾಮಾನ್ಯ ಫ್ಲೈವೀಲಿನಂತೆ ಲೇತ್‌ಗೆ ಕೊಡಬೇಡಿ. ಒಳಗಿನ ಗ್ರೀಸ್ ಹೊರಗೆ ಚೆಲ್ಲಿದ್ದರೆ, ಮಿತಿಗಿಂತ ಹೆಚ್ಚು ಅತ್ತಿತ್ತ ಓಲಾಡಿದರೆ ಹೊಸದೊಂದೇ ದಾರಿ.

ಫ್ಲೈವೀಲಿನ ಅಂಚಿನಲ್ಲಿ ಸೆಲ್ಫ್ ಮೋಟರ್ ಕಚ್ಚಿಕೊಳ್ಳುವ ರಿಂಗ್ ಗೇರನ್ನು ಸುತ್ತಲೂ ನೋಡಿ. ನಾಲ್ಕು ಸಿಲಿಂಡರಿನ ಇಂಜಿನ್ ಆಫ್ ಆದಾಗ ಹೆಚ್ಚಾಗಿ ಎದುರುಬದುರಿನ ಎರಡು ಜಾಗದಲ್ಲಿ ನಿಲ್ಲುವುದರಿಂದ ಹಲ್ಲು ಅಲ್ಲೇ ತಿಂದಿರುತ್ತದೆ. ಸೆಲ್ಫ್ ಕೆಲವೊಮ್ಮೆ ಕರ್ರೆಂದು ಜಾರುತ್ತಿದ್ದರೆ ಕಾರಣ ಇದೇ. ಹೊಸ ರಿಂಗನ್ನು ಒಲೆಯಲ್ಲಿ ಅಥವಾ ಗ್ಯಾಸಿನಲ್ಲಿ ಸುತ್ತಲೂ ಸಮವಾಗಿ 200ರಿಂದ 250 ಡಿಗ್ರಿ ಸೆಲ್ಸಿಯಸ್ ತನಕ ಕಾಯಿಸಿ ಕೂರಿಸಬೇಕು, ಕೆಂಪಗೆ ಕಾಯಿಸಿದರೆ ಹಲ್ಲಿನ ಗಟ್ಟಿತನ ಹೋಗುತ್ತದೆ. ಹಲ್ಲಿನ ಇಳಿಜಾರು ಅಂಚು ಹಳೆಯದರಲ್ಲಿ ಯಾವ ಕಡೆಗಿತ್ತೋ ಆ ಕಡೆಗೇ.

ಜೋಡಣೆ

ಸೀಲ್ ಹಾಕುವಾಗ ತುಟಿಗೆ ಎಣ್ಣೆ ಸವರಿ, ಹಳೆಯ ಸೀಲ್ ಇದ್ದ ಆಳಕ್ಕೇ ನೇರವಾಗಿ ಕೂರಿಸಿ. ಕ್ರ್ಯಾಂಕ್ ಮೇಲೆ ಹಳೆಯ ತುಟಿ ಕೊರೆದ ಗೆರೆ ಆಳವಾಗಿದ್ದು, ಕೈಪಿಡಿ ಒಪ್ಪುವುದಾದರೆ 1 ಮಿ.ಮೀ. ಆಚೀಚೆ ಕೂರಿಸಬಹುದು. ಪೈಲಟ್ ಬೇರಿಂಗ್ ಹೊರಗೆಳೆಯಲು ಪುಲ್ಲರ್ ಇಲ್ಲದಿದ್ದರೆ ತೂತಿನ ತುಂಬ ಗ್ರೀಸ್ ತುಂಬಿ, ಸರಿಯಾಗಿ ಕೂರುವ ರಾಡ್ ಇಟ್ಟು ಸುತ್ತಿಗೆಯಿಂದ ಹೊಡೆಯಿರಿ, ಗ್ರೀಸಿನ ಒತ್ತಡಕ್ಕೆ ಬೇರಿಂಗ್ ಹೊರಬರುತ್ತದೆ. ಆ ಗ್ರೀಸನ್ನು ಆಮೇಲೆ ಪೂರ್ತಿ ತೆಗೆಯಿರಿ.

ಕ್ರ್ಯಾಂಕ್ ಫ್ಲ್ಯಾಂಜ್ ಮತ್ತು ಫ್ಲೈವೀಲಿನ ಬೆನ್ನು ಎರಡೂ ಒಂದು ಕಣ ತುಕ್ಕಿಲ್ಲದೆ ಶುದ್ಧವಾಗಿರಬೇಕು. ಅಲ್ಲಿ ಸಿಕ್ಕಿಕೊಂಡ ತುಕ್ಕಿನ ಚೂರು ಅಂಚಿನಲ್ಲಿ ಹಲವು ಪಟ್ಟು ಅಲುಗಾಟವಾಗಿ ಕಾಣುತ್ತದೆ. ಕೆಲವು ಇಂಜಿನ್‌ಗಳಲ್ಲಿ ಬೋಲ್ಟಿನ ತೂತು ಕ್ರ್ಯಾಂಕ್‌ಕೇಸ್ ಒಳಗೇ ತೆರೆದುಕೊಂಡಿರುತ್ತದೆ, ಅಲ್ಲಿ ಥ್ರೆಡ್ಡಿಗೆ ಸೀಲಂಟ್ ಹಚ್ಚದಿದ್ದರೆ ಎಣ್ಣೆ ಥ್ರೆಡ್ ಹಿಡಿದು ಬಂದು ಹೊಸ ಪ್ಲೇಟನ್ನು ನೆನೆಸುತ್ತದೆ. ಫ್ಲೈವೀಲ್ ಬೋಲ್ಟುಗಳನ್ನು ನಕ್ಷತ್ರದ ಕ್ರಮದಲ್ಲಿ ಮೂರು ಹಂತಗಳಲ್ಲಿ, ಕೈಪಿಡಿ ಹೇಳಿದ ಟಾರ್ಕಿಗೆ ಬಿಗಿಯಿರಿ. ಡಿಗ್ರಿ ಲೆಕ್ಕದಲ್ಲಿ ಬಿಗಿಯುವ ಬೋಲ್ಟಾದರೆ ಹಳೆಯದನ್ನು ಮತ್ತೆ ಬಳಸುವಂತಿಲ್ಲ. ಫ್ಲೈವೀಲ್ ಕೂತ ಮೇಲೆ ಮತ್ತೊಮ್ಮೆ ಡಯಲ್ ಗೇಜ್ ಇಡಿ.

ಹೊಸ ಪ್ರೆಷರ್ ಪ್ಲೇಟಿನ ಮುಖಕ್ಕೆ ತುಕ್ಕು ಹಿಡಿಯದಿರಲೆಂದು ಎಣ್ಣೆ ಸವರಿರುತ್ತಾರೆ. ಕ್ಲೀನರ್‌ನಲ್ಲಿ ಚೆನ್ನಾಗಿ ಒರೆಸಿ. ಪ್ಲೇಟನ್ನು ಮೊದಲು ಇನ್‌ಪುಟ್ ಶಾಫ್ಟಿಗೆ ಹಾಕಿ ನೋಡಿ, ಕೈಯಲ್ಲೇ ಸಲೀಸಾಗಿ ಜಾರಬೇಕು. ಶಾಫ್ಟಿನ ಹಲ್ಲುಗಳ ತುಕ್ಕು ಉಜ್ಜಿ, ಗ್ರೀಸನ್ನು ತೆಳ್ಳಗೆ ಸವರಿ, ಪ್ಲೇಟ್ ಆಡಿಸಿ, ಹೊರಬಂದ ಗ್ರೀಸನ್ನೆಲ್ಲ ಒರೆಸಿಬಿಡಿ. ‘ಸ್ವಲ್ಪ ಹೆಚ್ಚೇ ಇರಲಿ’ ಎನ್ನುವ ಬುದ್ಧಿ ಇಲ್ಲಿ ಬೇಡ. ಉಳಿದ ಗ್ರೀಸ್ ತಿರುಗುವಾಗ ಎರಚಿ ಲೈನಿಂಗಿಗೆ ಬೀಳುತ್ತದೆ. ರಿಲೀಸ್ ಬೇರಿಂಗನ್ನು ತಳ್ಳುವ ಫೋರ್ಕ್ ಕೂರುವ ಗುಂಡಿಗೂ ಬೇರಿಂಗ್ ಜಾರುವ ಕೊಳವೆಗೂ ಇಷ್ಟೇ ತೆಳು ಗ್ರೀಸ್.

ಪ್ಲೇಟಿನ ಮೇಲೆ ಯಾವ ಮುಖ ಫ್ಲೈವೀಲ್ ಕಡೆಗೆ ಎಂದು ಅಚ್ಚೊತ್ತಿರುತ್ತದೆ. ಇಲ್ಲದಿದ್ದರೆ ಸ್ಪ್ರಿಂಗ್ ಉಬ್ಬಿರುವ ಕಡೆ ಸಾಮಾನ್ಯವಾಗಿ ಗೇರ್ ಬಾಕ್ಸಿಗೆ ಮುಖ ಮಾಡುತ್ತದೆ. ಸೆಂಟರಿಂಗ್ ರಾಡ್ ತೂರಿಸಿ, ಪ್ರೆಷರ್ ಪ್ಲೇಟನ್ನು ಡೋವೆಲ್ ಮೇಲೆ ಕೂರಿಸಿ, ಬೋಲ್ಟುಗಳನ್ನು ಎದುರುಬದುರಾಗಿ ಅರ್ಧರ್ಧ ಸುತ್ತು ಬಿಗಿಯುತ್ತಾ ಬನ್ನಿ. 8 ಮಿ.ಮೀ. ಬೋಲ್ಟಿಗೆ ಸಾಮಾನ್ಯವಾಗಿ 20ರಿಂದ 25 ನ್ಯೂಟನ್ ಮೀಟರ್. ನಿಮ್ಮ ಗಾಡಿಯ ಕೈಪಿಡಿ ಬೇರೆ ಹೇಳಿದರೆ ಅದೇ ಸರಿ. ಒಂದೇ ಕಡೆ ಮೊದಲು ಬಿಗಿದರೆ ಕವರ್ ಬಾಗುತ್ತದೆ, ಡಯಾಫ್ರಮ್ ಬೆರಳುಗಳು ಏರುಪೇರಾಗುತ್ತವೆ.

ಗೇರ್ ಬಾಕ್ಸ್ ಏರಿಸುವುದೇ ಇಡೀ ಕೆಲಸದಲ್ಲಿ ತಾಳ್ಮೆ ಬೇಡುವ ಹೊತ್ತು. ಎರಡು ಉದ್ದ ಬೋಲ್ಟುಗಳ ತಲೆ ಕತ್ತರಿಸಿ ಇಂಜಿನ್ ಕಡೆ ತಿರುಗಿಸಿಡಿ, ಗೇರ್ ಬಾಕ್ಸ್ ಅವುಗಳ ಮೇಲೆ ನೇರ ಜಾರಿಬರುತ್ತದೆ. ಹಲ್ಲು ಸೇರದಿದ್ದರೆ ಟಾಪ್ ಗೇರ್ ಹಾಕಿ ಹಿಂದಿನ ಫ್ಲ್ಯಾಂಜನ್ನು ಕೈಯಲ್ಲಿ ಸ್ವಲ್ಪ ತಿರುಗಿಸಿ. ಬೆಲ್ ಹೌಸಿಂಗ್ ಇಂಜಿನ್ನಿಗೆ ಕೈಯ ಬಲದಲ್ಲೇ ಪೂರ್ತಿ ತಾಗಬೇಕು. ಎರಡು ಬೆರಳು ಸಂದು ಉಳಿದಿದೆ ಎಂದು ಬೋಲ್ಟ್ ಬಿಗಿದು ಎಳೆದರೆ ಹಬ್ ಮುರಿಯುತ್ತದೆ, ಇಲ್ಲವೇ ಹೌಸಿಂಗಿನ ಕಿವಿ ಒಡೆಯುತ್ತದೆ. ಸಂದು ಉಳಿದರೆ ಸೆಂಟರಿಂಗ್ ತಪ್ಪಿದೆ ಅಥವಾ ಗೇರ್ ಬಾಕ್ಸ್ ಓರೆಯಾಗಿದೆ ಎಂದರ್ಥ. ಹಿಂದಕ್ಕೆಳೆದು ಮತ್ತೆ ನೋಡಿ.

ಉಳಿದದ್ದು ಬಿಚ್ಚಿದ ಕ್ರಮದ ಹಿಮ್ಮುಖ. ಗೇರ್ ಆಯಿಲನ್ನು ಲೆವೆಲ್ ತೂತಿನಿಂದ ಹೊರಚೆಲ್ಲುವ ತನಕ ತುಂಬಿ. ಕ್ಲಚ್ ಫ್ಲೂಯಿಡ್ ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ಡಾಟ್ 3 ಅಥವಾ ಡಾಟ್ 4 ಮಾತ್ರ ಹಾಕಿ. ಬೇರೆ ಎಣ್ಣೆ ಹಾಕಿದರೆ ರಬ್ಬರ್ ಊದಿ ಪೆಡಲ್ ಸಿಕ್ಕಿಕೊಳ್ಳುತ್ತದೆ. ಬ್ರೇಕ್ ಫ್ಲೂಯಿಡ್ ಗಾಳಿಯ ತೇವ ಹೀರುತ್ತದೆ, ಅದರಲ್ಲೂ ನಮ್ಮ ಮಳೆಗಾಲದಲ್ಲಿ. ಹೋದ ವರ್ಷ ತೆರೆದಿಟ್ಟ ಬಾಟಲಿ ಬೇಡ. ಪೈಪಿನ ಗಾಳಿ ತೆಗೆಯಲು ಒಬ್ಬರು ಪೆಡಲ್ ಒತ್ತಿ ಹಿಡಿಯಲಿ, ಇನ್ನೊಬ್ಬರು ಸ್ಲೇವ್ ಸಿಲಿಂಡರಿನ ನಿಪ್ಪಲ್ ಬಿಚ್ಚಿ ಮುಚ್ಚಲಿ, ಗುಳ್ಳೆ ನಿಲ್ಲುವ ತನಕ. ಪೆಡಲಿನ ತುದಿಯಲ್ಲಿ ಕೈಪಿಡಿ ಹೇಳಿದಷ್ಟು ಫ್ರೀ ಪ್ಲೇ (ಖಾಲಿ ಓಟ) ಇರಲೇಬೇಕು. ಇಲ್ಲದಿದ್ದರೆ ಬೇರಿಂಗ್ ಸದಾ ಒತ್ತಿಕೊಂಡೇ ಇದ್ದು ಹೊಸ ಕ್ಲಚ್ಚೂ ಸ್ಲಿಪ್ ಆಗುತ್ತದೆ.

ರಸ್ತೆಗಿಳಿದ ಮೇಲೆ

ಗೇರ್ ಇನ್ನೂ ಬೀಳುತ್ತಿಲ್ಲವೆಂದರೆ ಮೊದಲು ಪೈಪಿನಲ್ಲಿ ಉಳಿದ ಗಾಳಿ, ಆಮೇಲೆ ಪೆಡಲ್ ಅಡ್ಜಸ್ಟ್‌ಮೆಂಟ್, ಕೊನೆಗೆ ತಿರುಗುಮುರುಗಾದ ಪ್ಲೇಟ್. ಈ ಕ್ರಮದಲ್ಲಿ ಅನುಮಾನಿಸಿ. ಒಂದು ವೇಗದಲ್ಲಿ ಮಾತ್ರ ನಡುಕ ಬಂದರೆ ಪ್ರೊಪೆಲ್ಲರ್ ಶಾಫ್ಟಿನ ಗುರುತು ನೋಡಿ. ನಿಂತಲ್ಲೇ ಆಕ್ಸಿಲರೇಟರ್ ಕೊಟ್ಟಾಗ ನಡುಕವಿದ್ದರೆ ಫ್ಲೈವೀಲ್ ಕೂತ ರೀತಿ.

ಮೊದಲ 500 ಕಿ.ಮೀ. ಹೊಸ ಲೈನಿಂಗ್ ಮುಖಕ್ಕೆ ಹೊಂದಿಕೊಳ್ಳುವ ಸಮಯ. ಖಾಲಿ ಅಥವಾ ಅರ್ಧ ಲೋಡಿನಲ್ಲಿ ಓಡಿಸಿ, ಘಾಟಿ ಬಾಡಿಗೆ ಒಪ್ಪಿಕೊಳ್ಳಬೇಡಿ. ಚಡಾವಿನಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಕ್ಲಚ್ ಹಿಡಿದದ್ದು ಗೊತ್ತಾದ ಮೇಲೆ ಬ್ರೇಕ್ ಬಿಟ್ಟು ಹೊರಡಿ. ಆಮೇಲೂ ಲೋಡಿನ ಲೆಕ್ಕ ಇರಲಿ: 1.7 ಟನ್ ಹೊರುವ ಗಾಡಿಗೆ 50 ಕಿಲೋ ಮೂಟೆ 34 ಹಾಕಿದರೆ ಲೆಕ್ಕ ಮುಗಿಯಿತು, ಅದರ ಮೇಲೆ ಆರು ಆಳು ಹತ್ತಿದರೆ ಅದು ಕ್ಲಚ್ಚಿನ ಆಯುಸ್ಸಿನಿಂದ ಕಳೆಯುತ್ತದೆ. 500 ಕಿ.ಮೀ. ಆದ ಮೇಲೆ ಫ್ಲೂಯಿಡ್ ಮಟ್ಟ ನೋಡಿ, ಬೆಲ್ ಹೌಸಿಂಗಿನ ಕೆಳಗಿನ ತೂತಿಗೆ ಬಿಳಿ ಬಟ್ಟೆ ಒತ್ತಿ ತೆಗೆಯಿರಿ. ಬಟ್ಟೆಗೆ ಎಣ್ಣೆ ಹತ್ತಿದರೆ ಲೈನಿಂಗ್ ನೆನೆಯುವ ಮೊದಲೇ ಗಾಡಿಯನ್ನು ಶೆಡ್ಡಿಗೆ ತನ್ನಿ.